ಮೂರನೇ ಗೇರಿನ ಆಣೆ

ಪಾಳ್ಯದ ಕಡೆಯ ದ್ಯಾವಯ್ಯ ಹೊಲದ ಕೆಲಸವನ್ನು ಅಣ್ಣಂದಿರಿಗೆ ಬಿಟ್ಟು ಮೊದಲು ಲಾರಿ ಕ್ಲೀನರ್ ಆದ, ಆಮೇಲೆ ಲಾರಿ ಡ್ರೈವರ್ ಆದ, ಕೊನೆಗೆ ಬಾಳ್ಳುಪೇಟೆಯ ಶಾಂತಮಲ್ಲಪ್ಪನವರ ‘ಗಿರಿಜಾ’ ಬಸ್ಸಿನ ಸೀಟಿನಲ್ಲಿ ಕೂತ. ಕೂತ ಅಂದರೆ ಸುಮ್ಮನೆ ಕೂರುವುದಲ್ಲ, ಪಟ್ಟಕ್ಕೆ ಕೂತ ಹಾಗೆ ಕೂತ. ಬೆಳಿಗ್ಗೆ ವನಗೂರಿನಿಂದ ಹೊರಟು, ಗುಡ್ಡ ಇಳಿದು ಸಕಲೇಶಪುರ ಮುಟ್ಟಿ, ಅಲ್ಲಿಂದ ಹೆದ್ದಾರಿಗೆ ಬಿದ್ದು ಬಾಳ್ಳುಪೇಟೆಗೆ ಬಂದು ನಿಲ್ಲುವ ಬಸ್ಸು ಅದು. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ದಾರಿಯುದ್ದಕ್ಕೂ ತೋಟದ ಕೆಲಸಕ್ಕೆ ಹೋಗುವ ಹೆಂಗಸರು, ಶಾಲೆ ಮಕ್ಕಳು, ತಾಲ್ಲೂಕು ಕಚೇರಿಗೆ ಅಲೆಯುವ ಮುದುಕರು, ಕೋಳಿ ಬುಟ್ಟಿ, ಬಾಳೆಗೊನೆ, ಎಲ್ಲವೂ ದ್ಯಾವಯ್ಯನ ಹಿಂದೆ. ಯಾರ ಮನೆಯ ಮದುವೆ, ಯಾರಿಗೆ ಜ್ವರ, ಯಾರು ಇವತ್ತು ಬಸ್ಸಿಗೆ ಬರಲಿಲ್ಲ ಎಂಬುದೆಲ್ಲ ಅವನಿಗೆ ಗೊತ್ತಿರುತ್ತಿತ್ತು.

ದ್ಯಾವಯ್ಯ ಆಗ ಸಂತನೇನೂ ಆಗಿರಲಿಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಅದೇ ರೂಟಿನಲ್ಲಿ ‘ಚಿತ್ರಾ’ ಅಂತ ಇನ್ನೊಬ್ಬರ ಬಸ್ಸಿತ್ತು. ಗಿರಿಜಾ ಮುಂದೆ, ಸ್ವಲ್ಪ ಹೊತ್ತು ಬಿಟ್ಟು ಚಿತ್ರಾ ಹಿಂದೆ. ಪರ್ಮಿಟ್ಟಿನಲ್ಲಿ ಬರೆದುಕೊಟ್ಟ ಟೈಮಿಂಗ್ ಹಾಗಿತ್ತು. ಮುಂದಿನ ಬಸ್ಸು ತಡ ಮಾಡಿದರೆ ಹಿಂದಿನದು ಬಂದು ಬಾಲ ಮುಟ್ಟುತ್ತದೆ. ಬಾಲ ಮುಟ್ಟಿತೋ, ಮುಂದಿನ ಸ್ಟಾಪಿನ ಜನವೆಲ್ಲ ಅದರ ಪಾಲು. ಹಾಗಾಗಿ ಎರಡೂ ಬಸ್ಸು ಓಡಿದ್ದೇ ಓಡಿದ್ದು. ಒಳಗೆ ಕೂತವರಿಗೂ ಅದು ಖುಷಿಯೇ. “ದ್ಯಾವಣ್ಣ ಸೀಟಲ್ ಕೂತ ಅಂದ್ರೆ ಬಸ್ಸು ಹಾರ್ತದೆ ಕಣೋ” ಅನ್ನುವರು. ಚಿತ್ರಾದವನು ಹಿಂದೆ ಬಿದ್ದರೆ ಹಿಂದಿನ ಸೀಟಿನ ಹುಡುಗರು ಸಿಳ್ಳೆ ಹೊಡೆಯುವರು. ಹೆಂಗಸರು ಬೈದ ಹಾಗೆ ಮಾಡಿ ನಗುವರು. ದ್ಯಾವಯ್ಯನೂ ಮನುಷ್ಯನೇ ಅಲ್ಲವೇ, ಉಬ್ಬಿಹೋಗುತ್ತಿದ್ದ.

ತೊಂಬತ್ತಾರನೇ ಇಸವಿಯಲ್ಲಿ, ಮಳೆ ಮುಗಿದು ಕಾಫಿ ಹಣ್ಣಿಗೆ ಬಣ್ಣ ಬರುತ್ತಿದ್ದ ಕಾಲದಲ್ಲಿ ಅದು ನಡೆಯಿತು. ವನಗೂರು ಬಿಟ್ಟು ಸ್ವಲ್ಪ ಕೆಳಗೆ ಬಂದರೆ ಅತ್ತಿಮರದ ತಿರುವು ಸಿಗುತ್ತದೆ. ಒಂದು ಪಕ್ಕ ಎತ್ತರದ ಮಣ್ಣಿನ ಧರೆ, ಅದರ ಮೇಲೆಲ್ಲ ಲಂಟಾನ ಪೊದೆ, ಇನ್ನೊಂದು ಪಕ್ಕ ಚರಂಡಿ. ಎದುರಿಗೆ ಆನೆ ಬಂದರೂ ಕಾಣದು. ಅವತ್ತು ಚಿತ್ರಾದವನು ಹಿಂದಿನಿಂದ ಹಾರನ್ ಹೊಡೆದು ಹೊಡೆದು ಸೈಡ್ ಕೇಳಿದ. ದ್ಯಾವಯ್ಯ ಕೊಡಲಿಲ್ಲ. ತಿರುವು ಮುಗಿಯುವ ಮೊದಲೇ ಚಿತ್ರಾದವನು ಬಲಕ್ಕೆ ನುಗ್ಗಿದ. ಧರೆಯ ಪಕ್ಕದಲ್ಲಿ ಶಾಲೆಗೆ ನಡೆದು ಹೋಗುತ್ತಿದ್ದ ಹುಡುಗಿ ಅವನಿಗೆ ಕಂಡಾಗ ಬ್ರೇಕ್ ಹಿಡಿಯುವ ಹೊತ್ತು ಮೀರಿಹೋಗಿತ್ತು. ತೋಟದ ಕೆಲಸದ ಇಂದ್ರಮ್ಮನ ಹಿರಿಯ ಮಗಳು ಶೃತಿ. ಇಂದ್ರಮ್ಮ ಅದೇ ಹೊತ್ತಿಗೆ ಗಿರಿಜಾ ಬಸ್ಸಿನ ಒಳಗೆ, ದ್ಯಾವಯ್ಯನ ಬೆನ್ನ ಹಿಂದೆಯೇ ಕೂತಿದ್ದಳು.

ಚಿತ್ರಾದ ಡ್ರೈವರ್ ಬಸ್ಸು ಬಿಟ್ಟು ಓಡಿದ, ಆಮೇಲೆ ಸಿಕ್ಕಿದ, ಕೇಸು ನಡೆಯಿತು. ದ್ಯಾವಯ್ಯನನ್ನು ಪೊಲೀಸರು ಸಾಕ್ಷಿಗೆ ಕರೆದರೇ ಹೊರತು ಬೇರೇನೂ ಕೇಳಲಿಲ್ಲ. ಆದರೆ ಅವನಿಗೆ ಗೊತ್ತಿತ್ತಲ್ಲ! ಸೈಡ್ ಕೊಟ್ಟುಬಿಟ್ಟಿದ್ದರೆ? ಬಾಯಿಗೆ ತುತ್ತು ಇಡುವಾಗ ಅದೇ, ಸ್ಟೇರಿಂಗ್ ಹಿಡಿದಾಗ ಅದೇ. ಹೆಂಡತಿ ಊರಿನಿಂದ ಬಂದು ಸಮಾಧಾನ ಹೇಳಿದಳು, “ನೀವೇನ್ ಗುದ್ದಿದ್ರಾ? ಯಾಕಿಂಗೆ ಕೊರಗ್ತೀರಿ?” ಅಂದಳು.

ಊರಿನವರು ಎರಡೂ ಬಸ್ಸು ತಡೆದು ನಿಲ್ಲಿಸಿದರು. ಚೌಡಮ್ಮನ ಗುಡಿ ಮುಂದೆ ಸಭೆ ಸೇರಿತು. ಊರಿನ ಹಿರಿಯರು ವೀರಭದ್ರಯ್ಯನವರು ಗುಡಿ ಜಗಲಿಯ ಮೇಲೆ ಕೂತರು. ಬಸ್ಸಿನ ಮಾಲೀಕರು ಶಾಂತಮಲ್ಲಪ್ಪನವರು ಬಿಳಿ ಪಂಚೆಯಲ್ಲಿ ಬಂದು ಕೈಮುಗಿದು ನಿಂತರು. ಪೊಲೀಸ್ ಸ್ಟೇಷನ್ನಿನಿಂದ ಬಂದ ಸಾಹೇಬರು, “ಇಲ್ಲಿ ಬೋರ್ಡ್ ಹಾಕಿಸ್ತೀವಿ. ಮೂವತ್ತು ಕಿಲೋಮೀಟರ್, ಅದಕ್ಕಿಂತ ಜಾಸ್ತಿ ಯಾರೂ ಹೋಗಬಾರದು. ಸ್ಪೀಡ್ ಕಮ್ಮಿ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ” ಅಂದರು.

ಗಿರಿಜಾದ ಕಂಡಕ್ಟರ್ ಮೃತ್ಯುಂಜಯ ನಗುವ ಹೊತ್ತಲ್ಲದಿದ್ದರೂ ನಕ್ಕುಬಿಟ್ಟ. “ಸಾರ್, ನಮ್ ಬಸ್ಸಿನ ಮೀಟರ್ ಮುಳ್ಳು ನಾನು ಕೆಲ್ಸಕ್ಕೆ ಸೇರಿದಾಗ್ಲಿಂದ ಸೊನ್ನೆ ಮ್ಯಾಲೆ ಮಲ್ಗೈತೆ. ಮೂವತ್ತೋ ಎಂಬತ್ತೋ ಯಾರಿಗ್ ಗೊತ್ತು?”

ಸಾಹೇಬರಿಗೆ ಕೋಪ ಬಂತು. ಶಾಂತಮಲ್ಲಪ್ಪನವರು ಆಚೆ ನೋಡಿದರು. ಆಗ ವೀರಭದ್ರಯ್ಯನವರಿಗೆ ಹೊಳೆಯಿತು. “ಮೀಟರ್ ಇಲ್ದಿದ್ರೆ ಬ್ಯಾಡ. ಗೇರ್ ಐತಲ್ಲ? ಹುಲ್ಲೇನು ಮೇಯ್ತೀರಾ ಎಲ್ರೂ? ವನಗೂರಿಂದ ಸಕಲೇಶಪುರದಗಂಟ ಮೂರನೇ ಗೇರ್ ದಾಟಬಾರ್ದು. ಅಷ್ಟೇ. ಬಸ್ಸಲ್ಲಿ ಕೂತೋರಿಗೂ ಸದ್ದಲ್ಲೇ ಗೊತ್ತಾಯ್ತದೆ.”

ಜನ ಭೇಷ್ ಅಂದರು. ಮೀಟರ್ ಓದಲು ಬಾರದ ಮುದುಕಿಗೂ ಇಂಜಿನ್ನು ಗೇರ್ ಬದಲಿಸಿದ್ದು ಕೇಳಿಸುತ್ತದೆ. ಆ ಗುಡ್ಡದ ರಸ್ತೆಯಲ್ಲಿ ಹುಟ್ಟಿ ಬೆಳೆದವರಿಗೆ ಗೇರಿನ ಸದ್ದು ದನದ ಗಂಟೆಯಷ್ಟೇ ಪರಿಚಯ. ಹೀಗೆ ಸರ್ಕಾರದ ಮೂವತ್ತು ಕಿಲೋಮೀಟರ್ ವನಗೂರಿನಲ್ಲಿ ಮೂರನೇ ಗೇರ್ ಆಯಿತು.

ದ್ಯಾವಯ್ಯ ಎದ್ದು ನಿಂತ. “ಅಯ್ಯನೋರೆ, ನಿಧಾನಕ್ ಹೋಗ್ತೀನಿ. ನಂಗೇನು ಓಡ್ಸೋ ಹುಚ್ಚಿಲ್ಲ ಇನ್ನು. ಆದ್ರೆ ನಾನೊಬ್ಬ ನಿಧಾನ ಮಾಡಿದ್ರೆ ಆಗಲ್ಲ. ಟೈಮಿಂಗ್ ಹಿಂಗೇ ಇದ್ರೆ ಹಿಂದ್ಗಡೆಯೋನು ಬಂದು ಮೈಮ್ಯಾಲೆ ಬೀಳ್ತಾನೆ. ಟೈಮಿಂಗ್ ಬದ್ಲಾಯಿಸ್ಬೇಕು. ಆ ಧರೆ ಕಡ್ದು ಮಕ್ಳು ನಡ್ಯಕ್ಕೆ ಒಂದಿಷ್ಟು ಜಾಗ ಮಾಡ್ಬೇಕು.”

“ಟೈಮಿಂಗ್ ನಂಗ್ ಬುಡು ಕಣೋ, ನಾನೇ ಆರ್‌ಟಿಓ ಆಫೀಸಿಗೆ ಹೋಗಿ ಮಾಡಿಸ್ಕೊಂಡ್ ಬತ್ತೀನಿ” ಎಂದರು ಶಾಂತಮಲ್ಲಪ್ಪನವರು. ಧರೆ ಕಡಿಸುವುದನ್ನು ಮೇಲಿನವರಿಗೆ ಬರೆಯುತ್ತೇವೆ ಎಂದರು ಸಾಹೇಬರು. “ನಾವೂ ಊರೋರು ಹೇಳ್ತೀವಿ ಕೇಳು,” ಎಂದರು ವೀರಭದ್ರಯ್ಯನವರು, “ಗಿರಿಜಾ ಎಷ್ಟೊತ್ತಿಗೆ ಬಂದ್ರೂ ಅದನ್ನೇ ಹತ್ತೋದು. ಓಡೋ ಬಸ್ಸಿಗೆ ನಮ್ಮೂರಲ್ಲಿ ಯಾರೂ ಕೈ ಅಡ್ಡ ಹಾಕಲ್ಲ. ಏನ್ರಪ್ಪಾ?” ಜನ ಹ್ಞೂಂ ಅಂದರು. ಹ್ಞೂಂ ಅನ್ನುವುದಕ್ಕೆ ಏನು ಖರ್ಚು!

ಧರೆ ಕಡಿಯಲು ಇಲಾಖೆ ಬೇಕು, ಟೈಮಿಂಗ್ ಬದಲಿಸಲು ಆಫೀಸು ಬೇಕು. ದ್ಯಾವಯ್ಯನನ್ನು ಕಟ್ಟಿಹಾಕಲು ಒಂದು ತುಂಡು ಕರ್ಪೂರ ಸಾಕಾಯಿತು. ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿ ಚೌಡಮ್ಮನ ಮುಂದೆ ಇಟ್ಟರು. ಆ ಸೀಮೆಯಲ್ಲಿ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಡಿದ ಮಾತು ಅಂದರೆ ಮುಗಿಯಿತು, ಅದನ್ನು ಮುರಿದವನ ಮನೆ ಉಳಿಯುವುದಿಲ್ಲ ಅನ್ನುವ ನಂಬಿಕೆ. ದ್ಯಾವಯ್ಯ ಇಂದ್ರಮ್ಮನ ಕಡೆ ನೋಡಿದ. ಅವಳು ಕಿರಿಯ ಮಗಳು ಚಂದ್ರಿಕಾಳನ್ನು ಮಡಿಲಲ್ಲಿ ಕೂರಿಸಿಕೊಂಡು ಗೋಡೆಗೆ ಒರಗಿದ್ದಳು. “ನಿನ್ ಮಗಳ ಮ್ಯಾಲೆ ಆಣೆ ಕಣವ್ವ, ನಾನಿರೋಗಂಟ ಈ ರಸ್ತೇಲಿ ಮೂರು ದಾಟಲ್ಲ” ಅಂದು ಅಂಗೈ ಇಟ್ಟು ಕರ್ಪೂರ ಆರಿಸಿದ. ಇಂದ್ರಮ್ಮ ಎದ್ದು ಬಂದು ಅವನ ಸುಟ್ಟ ಕೈಯನ್ನು ಹಿಡಿದುಕೊಂಡು ಗಳಗಳ ಅತ್ತಳು. “ನೀವೊಬ್ರು ಸಾಕಣ್ಣ, ನೀವೊಬ್ರು ನನ್ ಕಡೆ ಇದ್ರೆ ಸಾಕು” ಅಂದಳು.

ಕರ್ಪೂರ ಆರಿಸಿದವನು ಅವನೊಬ್ಬನೇ. ಅದು ಆವತ್ತು ಯಾರಿಗೂ ದೊಡ್ಡ ವಿಷಯವಾಗಿ ಕಾಣಲಿಲ್ಲ.

ಸುಗ್ಗಿ ಮುಗಿಯುವವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಚಿತ್ರಾ ಬಸ್ಸು ಸ್ಟೇಷನ್ನಿನ ಅಂಗಳದಲ್ಲಿ ನಿಂತಿತ್ತು, ಹಾಗಾಗಿ ಗಿರಿಜಾದ ಬಾಲ ಮುಟ್ಟುವವರು ಯಾರೂ ಇರಲಿಲ್ಲ. ದ್ಯಾವಯ್ಯ ಮೂರನೇ ಗೇರಿನಲ್ಲಿ ಗುರ್ ಅನ್ನಿಸಿಕೊಂಡು ಬರುವನು. ಅತ್ತಿಮರದ ತಿರುವಿನಲ್ಲಿ ಎರಡಕ್ಕೆ ಇಳಿಸಿ, ಹಾರನ್ ಹೊಡೆದು, ನಡೆದು ಹೋಗುವಷ್ಟು ನಿಧಾನಕ್ಕೆ ದಾಟಿಸುವನು. ಒಂದು ದಿನ ಕುಡಿದು ತೂರಾಡುತ್ತಿದ್ದ ಭೂತಯ್ಯ ಧರೆ ಮೇಲಿಂದ ಜಾರಿ ಸೀದಾ ಬಸ್ಸಿನ ಮುಂದೆ ಬಿದ್ದ. ಬಸ್ಸು ಅವನ ಕಾಲ ಹತ್ತಿರ ಗಪ್ಪನೆ ನಿಂತಿತು. ಭೂತಯ್ಯ ಎದ್ದು ಪಂಚೆ ಕೊಡವಿಕೊಂಡು, “ಕಣ್ ಕಾಣ್ಸಲ್ವೇನೋ ಮಾರಾಯ, ಮನ್ಷ ಬೀಳೋ ಜಾಗಕ್ಕೆ ಬಸ್ ತತ್ತೀಯಲ್ಲ!” ಅಂತ ಡ್ರೈವರನ್ನೇ ತರಾಟೆಗೆ ತೆಗೆದುಕೊಂಡ. ಬಸ್ಸಿನವರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಇವನ ಜಗಳದಿಂದ ತಡವಾಯಿತು ಅಂತ ಗೊಣಗಿದರು. ಹಳೆಯ ದ್ಯಾವಯ್ಯನ ಹಳೆಯ ಗೇರಾಗಿದ್ದರೆ ಭೂತಯ್ಯನ ತಿಥಿ ಊಟ ಮಾಡಬೇಕಿತ್ತು ಅನ್ನುವುದು ಒಬ್ಬರ ತಲೆಗೂ ಹೋಗಲಿಲ್ಲ. ಆಗದೇ ಹೋದ ಸಾವನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆ ಹೇಳಿ.

ಮಳೆಗಾಲಕ್ಕೆ ಮೊದಲು ಚಿತ್ರಾ ಮತ್ತೆ ರಸ್ತೆಗೆ ಬಂತು. ಹೊಸ ಬಣ್ಣ, ಹೊಸ ಟೇಪ್ ರೆಕಾರ್ಡರ್, ಅಭಿಲಾಷ್ ಅಂತ ಹೊಸ ಡ್ರೈವರ್. ಅವನು ಯಾವ ಗುಡಿಯ ಮುಂದೂ ಕೈ ಸುಟ್ಟುಕೊಂಡವನಲ್ಲ. ದ್ಯಾವಯ್ಯ ಬಾಳ್ಳುಪೇಟೆಯಲ್ಲಿ ಶಾಂತಮಲ್ಲಪ್ಪನವರ ಅಂಗಡಿಗೆ ಹೋಗಿ ಕೇಳಿದ.

“ಯಜಮಾನ್ರೆ, ಟೈಮಿಂಗ್ ಏನಾಯ್ತು?”

“ನೋಡೋಣ ಕಣೋ. ಆಫೀಸರು ಟ್ರಾನ್ಸ್‌ಫರ್ ಆಗವ್ರೆ. ನೀನು ಓಡ್ಸು ಮೊದ್ಲು.”

ಮತ್ತೊಮ್ಮೆ ಕೇಳಿದಾಗಲೂ ಅದೇ ಮಾತು. ನಿಜ ಸಂಗತಿ ಮೃತ್ಯುಂಜಯ ಹೇಳಿದ. “ನೀನೊಬ್ಬ ಕಣಣ್ಣ ಇನ್ನೂ ನಂಬ್ಕೊಂಡಿರೋದು. ಟೈಮಿಂಗ್ ಬದ್ಲಾಯಿಸಿದ್ರೆ ಮುಂದ್ಗಡೆ ಟೈಮ್ ಚಿತ್ರಾದೋರಿಗೆ ಹೋಗ್ತದೆ. ಯಜಮಾನ್ರು ಅರ್ಜೀನೇ ಕೊಟ್ಟಿಲ್ಲ. ಕೊಡೋದೂ ಇಲ್ಲ.” ದ್ಯಾವಯ್ಯನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಕೈಮುಗಿದು ನಿಂತು ಸಭೆಯಲ್ಲಿ ಹೇಳಿದ ಮನುಷ್ಯ! ಆದರೂ ಅವನು, ಊರಿನವರಿದ್ದಾರಲ್ಲ, ಅವರು ನನ್ನ ಕೈ ಬಿಡಲ್ಲ ಅಂದುಕೊಂಡ.

ಮೊದಲು ಕೈ ಬಿಟ್ಟವರು ಕಾಲೇಜಿನ ಹುಡುಗರು. ಸಕಲೇಶಪುರದಲ್ಲಿ ಹಾಸನದ ಬಸ್ಸು ತಪ್ಪುತ್ತದೆ ಅಂದರು. ಆಮೇಲೆ ಹಾಲಿನ ಕ್ಯಾನಿನವರು. ಆಮೇಲೆ ಆಸ್ಪತ್ರೆಗೆ ಹೋಗುವವರು, ಅವರನ್ನು ಅನ್ನುವ ಹಾಗಿಲ್ಲ. ಗಿರಿಜಾ ಗುರ್ ಅನ್ನುತ್ತ ಸ್ಟಾಪಿಗೆ ಬರುವ ಹೊತ್ತಿಗೆ ಜನ ಬೇರೆ ಕಡೆ ನೋಡುವರು, ಚಪ್ಪಲಿ ಸರಿಮಾಡಿಕೊಳ್ಳುವರು, ಇವತ್ತು ಹೋಗೋದಿಲ್ಲ ಅನ್ನುವರು. ಬಸ್ಸು ಮುಂದೆ ಹೋಗುತ್ತಲೂ ಹಿಂದಿನ ಚಿತ್ರಾಕ್ಕೆ ಕೈ ಅಡ್ಡ ಹಾಕುವರು. ದ್ಯಾವಯ್ಯನಿಗೆ ಕನ್ನಡಿಯಲ್ಲಿ ಎಲ್ಲ ಕಾಣುತ್ತಿತ್ತು. ಡ್ರೈವರನಿಗೆ ಹಿಂದಿನದನ್ನು ಕಾಣಿಸಲೆಂದೇ ಅಲ್ಲವೇ ಆ ಕನ್ನಡಿ ಇಟ್ಟಿರುವುದು.

ಬಸ್ಸಿನ ಒಳಗೆ ಉಳಿದವರು ಹಂಗಿಸಲು ಶುರು ಮಾಡಿದರು. “ದ್ಯಾವಣ್ಣ, ಇಳ್ದು ತಳ್ಳೋಣ್ವಾ?” ಅನ್ನುವನು ಒಬ್ಬ. “ಮದ್ವೆ ದಿಬ್ಬಣ ಕಣ್ರೀ ಇದು, ಓಲಗ ಒಂದಿಲ್ಲ ಅಷ್ಟೇ” ಅನ್ನುವನು ಇನ್ನೊಬ್ಬ. ಹಾರುತ್ತಾನೆ ಅಂತ ಹೊಗಳಿದ ಬಾಯಿಗಳೇ ಇವು. ಸಕಲೇಶಪುರದ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಬೈಯುವನು, ಬಾಳ್ಳುಪೇಟೆಯಲ್ಲಿ ಯಜಮಾನರು ಕಲೆಕ್ಷನ್ ನೋಡಿ ಮುಖ ಗಂಟಿಕ್ಕುವರು. ಸಾಹೇಬರ ಬೋರ್ಡು ಬಂದದ್ದೇನೋ ನಿಜ. ಮೂವತ್ತು ಅಂತ ಕೆಂಪು ಸುತ್ತಿನೊಳಗೆ ದೊಡ್ಡದಾಗಿ ಬರೆದು ತಿರುವಿನಲ್ಲಿ ನೆಟ್ಟರು. ಅದರ ಕಂಬಕ್ಕೆ ಯಾರೋ ಎಮ್ಮೆ ಕಟ್ಟುತ್ತಿದ್ದರು. ಧರೆ ಇದ್ದ ಹಾಗೇ ಇತ್ತು, ಪೊದೆ ಇನ್ನಷ್ಟು ಬೆಳೆದಿತ್ತು. ಆ ಬೋರ್ಡನ್ನು ಪಾಲಿಸುತ್ತಿದ್ದ ಗಾಡಿ ಇಡೀ ಗುಡ್ಡದಲ್ಲಿ ಒಂದೇ.

ಇಂದ್ರಮ್ಮ ಮಾತ್ರ ಗಿರಿಜಾ ಬಿಟ್ಟಿರಲಿಲ್ಲ. ದಿನಾ ಅವನ ಬೆನ್ನ ಹಿಂದಿನ ಸೀಟಿನಲ್ಲೇ ಕೂರುವಳು. ತಿರುವು ಬಂದಾಗ ಕಣ್ಣು ಮುಚ್ಚಿಕೊಳ್ಳುವಳು. ಇವಳೊಬ್ಬಳಿದ್ದಾಳೆ ಸಾಕು ಅಂತ ದ್ಯಾವಯ್ಯನಿಗೆ ಎದೆ ತುಂಬುತ್ತಿತ್ತು. ಯಾರು ಏನಂದರೂ ಅವನು ತಿರುಗಿ ಮಾತಾಡದಿದ್ದದ್ದು ಅವಳಿಗಾಗಿ.

ಮಾರನೆಯ ವರ್ಷದ ಕಾಫಿ ಕೊಯ್ಲಿನಲ್ಲಿ ಒಂದು ಬೆಳಿಗ್ಗೆ ಅವಳೂ ಬಿಟ್ಟಳು. ಸ್ಟಾಪಿನಲ್ಲಿ ನಿಂತಿದ್ದಳು, ಸೊಂಟಕ್ಕೆ ಕೊಯ್ಲಿನ ಚೀಲ ಕಟ್ಟಿಕೊಂಡು. ದ್ಯಾವಯ್ಯ ಬಸ್ಸು ನಿಲ್ಲಿಸಿದ. ಅವಳು ಹತ್ತಲಿಲ್ಲ, ಚಪ್ಪಲಿಯನ್ನೂ ಸರಿಮಾಡಿಕೊಳ್ಳಲಿಲ್ಲ, ಸೀದಾ ಅವನ ಮುಖ ನೋಡಿ ತಲೆ ತಗ್ಗಿಸಿದಳು.

“ಯಾಕವ್ವ?” ಅಂದ ಕಿಟಕಿಯಿಂದ.

“ಹಾಜರಿ ಕೂಗಿ ಆದ್ಮ್ಯಾಕೆ ಹೋದ್ರೆ ರೈಟರ್ ಅರ್ಧ ದಿನದ ಕೂಲಿ ಹಾಕ್ತಾನೆ ಕಣಣ್ಣ. ವಾರದಲ್ ಎಲ್ಲಾ ದಿನವೂ ಅರ್ಧ. ಚಂದ್ರಿಕಾನ ಹೊಟ್ಟೆ ನೋಡ್ಬೇಕಲ್ಲ ನಾನು.”

ದ್ಯಾವಯ್ಯ ಆಯ್ತು ಅಂದ. ಇನ್ನೇನು ಅನ್ನುತ್ತಾನೆ? ಗೇರ್ ಹಾಕುವಾಗ ಕ್ಲಚ್ಚು ಸರಿಯಾಗಿ ತುಳಿಯದೆ ಬಸ್ಸು ಕರ್ ಅಂತ ಕೂಗಿತು. ಅವನ ಕೈಯಲ್ಲಿ ಎಂದೂ ಹಾಗಾಗಿರಲಿಲ್ಲ. ತೋಟದ ಲೆಕ್ಕ ಬರೆಯುವ ಆ ರೈಟರನ್ನು, ಅವನ ಹಾಜರಿಯನ್ನು, ಮೀಟರಿನ ಮಲಗಿದ ಮುಳ್ಳನ್ನು, ಎಲ್ಲವನ್ನೂ ಬಾಯಿಗೆ ಬಂದ ಹಾಗೆ ಬೈದುಕೊಂಡ. ಅವಳನ್ನು ಬೈಯಲಾಗಲಿಲ್ಲ. ಊರಿಗೆ ಊರೇ ಬೇಗ ಬೇಗ ಅಂತ ಕುಣಿಯುವಾಗ ಒಬ್ಬ ಡ್ರೈವರ್ ಮಾತ್ರ ನಿಧಾನವಾಗಿರಬೇಕು ಅಂದರೆ ಅದು ಯಾವ ನ್ಯಾಯ, ಅಂತ ಅವನಿಗೆ ಮೊದಲ ಸಲ ಅನ್ನಿಸಿತು. ಆದರೂ ನಾಲ್ಕನೆಯ ಟಾಪ್ ಗೇರಿಗೆ ಕೈ ಹೋಗಲಿಲ್ಲ.

ಆ ಕೊಯ್ಲು ಮುಗಿದ ಮೇಲೆ ಒಂದು ಮಧ್ಯಾಹ್ನ ಬಾಳ್ಳುಪೇಟೆಯಲ್ಲಿ ದ್ಯಾವಯ್ಯ ಊಟ ಮುಗಿಸಿ ಬಂದಾಗ ಶಾಂತಮಲ್ಲಪ್ಪನವರ ಅಂಗಡಿ ಮುಂದೆ ವನಗೂರಿನ ಜನ ನಿಂತಿದ್ದರು. ವೀರಭದ್ರಯ್ಯನವರು ಬೆಂಚಿನ ಮೇಲೆ ಕೂತಿದ್ದರು. ಇಂದ್ರಮ್ಮನೂ ಬಂದಿದ್ದಳು. ದ್ಯಾವಯ್ಯನಿಗೆ ಸಂತೋಷವೇ ಆಯಿತು. ಕೊನೆಗೂ ಟೈಮಿಂಗ್ ಕೇಳಲು ಬಂದರು, ಧರೆಯ ವಿಷಯ ಮಾತಾಡಲು ಬಂದರು ಅಂದುಕೊಂಡ. ಪಾಪ, ನಗುತ್ತಲೇ ಹತ್ತಿರ ಹೋದ.

“ಬಾ ದ್ಯಾವಯ್ಯ, ಕೂತ್ಕೊ” ಎಂದರು ಶಾಂತಮಲ್ಲಪ್ಪನವರು. ಅವರು ಯಾವತ್ತೂ ಅವನಿಗೆ ಕೂತ್ಕೊ ಅಂದವರಲ್ಲ.

ವೀರಭದ್ರಯ್ಯನವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. “ನೋಡಪ್ಪಾ, ನಿನ್ ಮ್ಯಾಲೆ ನಮಗೇನೂ ಸಿಟ್ಟಿಲ್ಲ. ನಿನ್ನಂಥೋನು ಇಲ್ಲ. ಆದ್ರೆ ಊರಿಗೆ ಎರಡು ಬಸ್ಸು ಬೇಕು. ಗಿರಿಜಾ ಹಿಂಗೇ ತೆವಳ್ಕೊಂಡು ನಿಂತ್ಹೋದ್ರೆ ಚಿತ್ರಾದೋರು ಆಡಿದ್ದೇ ಆಟ. ಅದಕ್ಕೆ ಯಜಮಾನ್ರನ್ನ ಕೇಳ್ಕೊಂಡ್ವಿ, ನಿನಗೆ ಬೇರೆ ಎಲ್ಲಾದ್ರೂ ಕೆಲ್ಸ ಕೊಡ್ಲಿ ಅಂತ.”

ದ್ಯಾವಯ್ಯನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. “ಆಣೆ ಮಾಡ್ಸಿದೋರು ನೀವಲ್ವಾ ಅಯ್ಯನೋರೆ?”

“ಅದಕ್ಕೇ ಕಣೋ! ಆಣೆ ಮುರಿ ಅಂತ ನಿನಗೆ ಹೇಳ್ತೀವಾ? ಶಿವ ಶಿವಾ! ಚೌಡಮ್ಮ ಸುಮ್ನಿರ್ತಾಳಾ? ಆಣೆ ಇರೋದು ನಿನ್ ಕೈಮ್ಯಾಲೆ, ಬಸ್ಸಿನ ಮ್ಯಾಲಲ್ಲ. ನೀನಿರೋಗಂಟ ಅಂದಿದ್ದೆ ತಾನೆ? ನೀನು ಸೀಟು ಬುಟ್ರೆ ನಿನ್ ಆಣೆ ನಿನ್ ಜೊತೆ ಹೋಗ್ತದೆ. ಯಾರ್ಗೂ ತೊಂದ್ರೆ ಇಲ್ಲ.”

ಎಷ್ಟು ಚೆಂದದ ದಾರಿ! ದೇವರಿಗೂ ಸಿಟ್ಟು ಬರಬಾರದು, ಬಸ್ಸೂ ಓಡಬೇಕು. ಮಾತು ಮುರಿಯುವುದು ಪಾಪ, ಮಾತು ಕೊಟ್ಟವನನ್ನು ಕಿತ್ತು ಹಾಕುವುದು ಪಾಪವಲ್ಲ. ಹಿರಿಯರು ಕೂತು ಯೋಚಿಸಿದ್ದರು. ಮೃತ್ಯುಂಜಯ ಬಸ್ಸಿನ ಬಾಗಿಲಿಗೆ ಒರಗಿ ಉಗುರು ಕಚ್ಚುತ್ತಿದ್ದ. ಅವನು ಹೆವಿ ಲೈಸೆನ್ಸ್ ಮಾಡಿಸಿಕೊಂಡು ಆಗಲೇ ತುಂಬ ದಿನವಾಗಿತ್ತು. ಜೊತೆಗೆ ಉಂಡು, ಜೊತೆಗೆ ಬಸ್ಸಿನಲ್ಲೇ ಮಲಗುತ್ತಿದ್ದವನು ಅದೊಂದು ಮಾತನ್ನು ದ್ಯಾವಯ್ಯನಿಗೆ ಹೇಳಿರಲಿಲ್ಲ.

ದ್ಯಾವಯ್ಯ ಇಂದ್ರಮ್ಮನ ಕಡೆ ತಿರುಗಿದ. ಮಿಕ್ಕವರೆಲ್ಲ ಹಾಳಾಗಿ ಹೋಗಲಿ. “ಇಂದ್ರಮ್ಮ, ನೀನ್ ಹೇಳವ್ವ. ನೀನೊಬ್ಳು ಟಾಪ್ ಹಾಕು ಅನ್ನು, ನಾಳೆಯಿಂದ ಹಾಕ್ತೀನಿ. ಚೌಡಮ್ಮಂಗೆ ತಪ್ಪುಕಾಣಿಕೆ ನಾನ್ ಇಡ್ತೀನಿ, ಏನಾದ್ರೂ ಆದ್ರೆ ನಂಗಾಗ್ಲಿ. ನಾನು ಕೈ ಇಟ್ಟಿದ್ದು ಆಯಮ್ಮನ ಮುಂದಲ್ಲ, ನಿನ್ ಮುಂದೆ.”

ಇಂದ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನೀವು ಬುಟ್ಬುಡಿ ಅಣ್ಣ. ನಾನೂ ಅದೇ ಕೇಳಕ್ ಬಂದಿದ್ದು. ದಿನಾ ಆ ತಿರುವಲ್ಲಿ ನೀವು ಗೇರ್ ಇಳ್ಸಿ, ಹಾರನ್ ಹೊಡ್ದು, ಮೆಲ್ಲಗೆ ಹೋಗ್ತೀರಲ್ಲ, ದಿನಾ ನನ್ ಮಗೀನ ಹೆಣ ಎತ್ಕೊಂಡು ಹೋದಂಗೆ ಆಯ್ತದೆ. ಚಿತ್ರಾದಲ್ಲಿ ಕೂತ್ರೆ ಕಣ್ ಮುಚ್ಚಿ ಬುಡೋದ್ರಲ್ಲಿ ತಿರುವು ದಾಟ್ಬುಟ್ಟಿರ್ತದೆ. ಅವ್ಳು ಬರಲ್ಲ ಅಣ್ಣ. ನೀವು ಎಷ್ಟ್ ನಿಧಾನ ಹೋದ್ರೂ ಬರಲ್ಲ.”

ದ್ಯಾವಯ್ಯ ಜೇಬಿನಿಂದ ಬಸ್ಸಿನ ಕೀ ತೆಗೆದು ಬೆಂಚಿನ ಮೇಲೆ ಇಟ್ಟ. ಯಜಮಾನರು ಲಾರಿ ಕೆಲಸ ಕೊಡುತ್ತೇನೆ ಅಂದರು, ಅವನಿಗೆ ಕೇಳಿಸಲೇ ಇಲ್ಲ. ವನಗೂರಿನವರು ವಾಪಸ್ಸು ಹೋಗಬೇಕಿತ್ತಲ್ಲ, ಅದೇ ಗಿರಿಜಾ ಹತ್ತಿದರು. ಮೃತ್ಯುಂಜಯ ಸೀಟಿನಲ್ಲಿ ಕೂತು ಕನ್ನಡಿ ಸರಿಮಾಡಿಕೊಂಡ. ಕಿಟಕಿಯಲ್ಲಿ ಕೂತ ಒಬ್ಬರೂ ದ್ಯಾವಯ್ಯನ ಕಡೆ ನೋಡಲಿಲ್ಲ.

ಲಾರಿಗೆ ಅವನು ಹೋಗಲಿಲ್ಲ. ವನಗೂರಿನ ಕೆಳಗಿನ ಒಂದು ದೊಡ್ಡ ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಡ್ರೈವರ್ ಆಗಿ ಸೇರಿ, ಕೂಲಿಯವರ ಲೈನ್ ಮನೆಯೊಂದರಲ್ಲಿ ಸಂಸಾರ ಹೂಡಿದ. ಕಾಫಿ ಹಣ್ಣು ತುಂಬಿ ಸ್ಟೋರಿಗೆ ಹಾಕುವುದು, ಗೊಬ್ಬರ ಎಳೆಯುವುದು. ಟ್ರ್ಯಾಕ್ಟರನ್ನು ಯಾರೂ ಓಡಿಸು ಅನ್ನುವುದಿಲ್ಲ. ಬೇರೆ ಸೀಮೆಗೆ ಹೋಗೋಣ ಅಂತ ಹೆಂಡತಿ ಎಷ್ಟು ಸಲ ಹೇಳಿದರೂ ಒಪ್ಪಲಿಲ್ಲ. ಅತ್ತಿಮರದ ತಿರುವು ಆ ತೋಟದ ಬೇಲಿಗೆ ಹತ್ತಿರವಿತ್ತು.

ಬೆಳಿಗ್ಗೆ ಗಿರಿಜಾ ಬರುವ ಹೊತ್ತಿಗೆ ಅವನ ಕೈ ಕೆಲಸ ಬಿಡುತ್ತಿತ್ತು. ಬಸ್ಸು ಟಾಪ್ ಗೇರಿನಲ್ಲೇ ತಿರುವಿಗೆ ನುಗ್ಗುವುದು ಕೇಳಿಸುತ್ತಿತ್ತು. ಹಿಂದೆಯೇ ಚಿತ್ರಾ. ಈಗ ಬಿತ್ತು, ಇವತ್ತು ಬಿತ್ತು ಅಂತ ಉಸಿರು ಹಿಡಿದು ಕೇಳುವನು. ಏನೂ ಆಗುತ್ತಿರಲಿಲ್ಲ. ಎರಡೂ ಬಸ್ಸು ತಿರುವು ದಾಟಿ ಹಾಡು ಹಾಕಿಕೊಂಡು ಹೋಗುತ್ತಿದ್ದವು. ವರ್ಷಗಳು ಹೋದವು, ಒಂದು ನಾಯಿಯೂ ಸಾಯಲಿಲ್ಲ. ದ್ಯಾವಯ್ಯನ ನಿಧಾನ ಬರೀ ಭ್ರಮೆ, ಹೆದರಿದವನ ಹುಚ್ಚು ಅಂತ ಊರು ತೀರ್ಮಾನಿಸಿತು. ಅವನು ಒಳಗೊಳಗೇ ಕುದಿದ. ನೋಡುತ್ತಿರಿ, ಒಂದು ದಿನ ಗೊತ್ತಾಗುತ್ತೆ ಕಣ್ರೋ ನಿಮಗೆ, ಅಂತ ಒಬ್ಬನೇ ಗೊಣಗುವುದು ಅಭ್ಯಾಸವಾಯಿತು.

ಎರಡು ಸಾವಿರದ ಮೂರರ ಮಳೆಗಾಲದ ಒಂದು ಬೆಳಿಗ್ಗೆ ಗಿರಿಜಾ ಬಂದ ಸದ್ದು, ಆಮೇಲೆ ಬ್ರೇಕು ಕಿರುಚಿದ್ದು, ಆಮೇಲೆ ದಢಾರ್ ಅಂದದ್ದು ಕೇಳಿಸಿತು. ಹೆಂಗಸರು ಕೂಗಿಕೊಂಡರು. ದ್ಯಾವಯ್ಯ ಗೊಬ್ಬರದ ಮಂಕರಿ ಬಿಸಾಕಿ ಬೇಲಿ ಹಾರಿ ಓಡಿದ. ಓಡುತ್ತ ಓಡುತ್ತ ಅವನ ತಲೆಯಲ್ಲಿ ಮಾತುಗಳು ತಾವೇ ಕಟ್ಟಿಕೊಳ್ಳುತ್ತಿದ್ದವು. ವೀರಭದ್ರಯ್ಯನ ಮುಂದೆ ನಿಂತು ಏನು ಹೇಳಬೇಕು, ಯಜಮಾನನಿಗೆ ಏನು, ಮೃತ್ಯುಂಜಯನಿಗೆ ಏನು. ಎಲ್ಲರೂ ತಲೆ ತಗ್ಗಿಸಿ ಕೇಳುತ್ತಿರುವುದು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಕಾಲಿಗೆ ಮುಳ್ಳು ಹೊಕ್ಕದ್ದೂ ತಿಳಿಯಲಿಲ್ಲ.

ಬಸ್ಸಿನ ಮುಂದಿನ ಚಕ್ರ ಚರಂಡಿಗೆ ಇಳಿದಿತ್ತು, ಅಷ್ಟೇ. ಜನವೆಲ್ಲ ರಸ್ತೆ ಬದಿಯಲ್ಲಿ ಛತ್ರಿ ಹಿಡಿದು ನಿಂತು ನಗುತ್ತ ಮಾತಾಡುತ್ತಿದ್ದರು. ಮೃತ್ಯುಂಜಯ ಚಕ್ರದ ಕೆಳಗೆ ಕಲ್ಲು ಕೊಡಿಸುತ್ತಿದ್ದ. ಇಂದ್ರಮ್ಮ ಮಗಳ ಜೊತೆ ಮೊದಲು ಎದುರಾದಳು. ಚಂದ್ರಿಕಾ ಆಗಲೇ ಹೈಸ್ಕೂಲು ಮೆಟ್ಟಿಲು ಹತ್ತಿದ್ದಳು. ಏದುಸಿರು ಬಿಡುತ್ತ ಬಂದ ದ್ಯಾವಯ್ಯನನ್ನು ನೋಡಿ ಇಂದ್ರಮ್ಮನ ಕಣ್ಣು ತುಂಬಿತು.

“ನಮ್ಗೋಸ್ಕರ ಹಿಂಗ್ ಓಡ್ಬಂದ್ರಾ ಅಣ್ಣ? ಗಾಬ್ರಿಯಾಗ್ಬ್ಯಾಡಿ. ದೇವ್ರು ದೊಡ್ಡೋನು, ಯಾರ್ಗೂ ಏನೂ ಆಗಿಲ್ಲ.”

“ಯಾರ್ಗೂ ಏನೂ ಆಗಿಲ್ವಾ?” ಅಂದ ದ್ಯಾವಯ್ಯ.

ಪೇಟೆಗೆ ಹೋದವನು ಬೇಕಾದ ಸಾಮಾನು ಸಿಗದೆ ಬರಿಗೈಯಲ್ಲಿ ತಿರುಗುವಾಗ ಕೇಳುವ ದನಿ ಅದು. ಬಾಯಿಂದ ಬಂದ ಮೇಲೆ ಅವನ ಕಿವಿಗೇ ಕೇಳಿಸಿತು. ಅಯ್ಯೋ, ಏನಂದೆ ನಾನು, ಯಾಕೆ ಹೀಗಂದೆ, ಅಂದುಕೊಂಡ. ಮಾತು ತಿರುಗಿಸಲು ನೋಡಿದ.

ಇಂದ್ರಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಮಗಳ ಕೈ ಹಿಡಿದು ಅವಳನ್ನು ದ್ಯಾವಯ್ಯನ ಹತ್ತಿರದಿಂದ ಆಚೆ ಪಕ್ಕಕ್ಕೆ ಸರಿಸಿಕೊಂಡಳು.